ಅಂಟಿದೆಯೋ, ಸವೆದಿದೆಯೋ? ಸದ್ದು ಕೇಳಿ ಹಾರ್ಡ್ ಡಿಸ್ಕ್ ದೋಷ ಪತ್ತೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ರಿಪೇರಿ ಅಂಗಡಿಗಳಿಗೆ ಹಾರ್ಡ್ ಡಿಸ್ಕ್ ಬರುವುದು ಹೆಚ್ಚಾಗಿ ಈ ಮೂರು ಮಾತುಗಳಲ್ಲೊಂದರ ಜೊತೆ: "ಕಟಕಟ ಅಂತೈತ್ರಿ", "ಗುಂಯ್ ಅಂದು ಸುಮ್ನಾಗತೈತ್ರಿ", "ಸದ್ದೇ ಇಲ್ರಿ". ಅರ್ಧ ರೋಗ ಆ ಮಾತಿನಲ್ಲೇ ಗೊತ್ತಾಗುತ್ತದೆ. ಉಳಿದರ್ಧ ತಿಳಿಯಲು ಐದಾರು ಸಲ ಪವರ್ ಹಾಕಿ ತೆಗೆದು ನೋಡುವ ಚಾಳಿಯಿಂದಲೇ ಎಷ್ಟೋ ಡಿಸ್ಕುಗಳು ಪೂರ್ತಿ ಹೋಗುತ್ತವೆ. ಅಂಟಿಕೊಂಡ ಡಿಸ್ಕಿಗೂ ಸವೆದ ಡಿಸ್ಕಿಗೂ ಮದ್ದು ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದರೆ ಕಥೆ ಮುಗಿಯಿತು. ಹಾಗಾಗಿ ಪವರ್ ಹಾಕುವ ಮೊದಲೇ ಎಷ್ಟು ತಿಳಿದುಕೊಳ್ಳಬಹುದೋ ಅಷ್ಟು ತಿಳಿದುಕೊಳ್ಳಿ.

ಗಿರಾಕಿಗೆ ಕೇಳಬೇಕಾದ್ದು ನಾಲ್ಕೇ. ಬಿದ್ದಿತ್ತೇ? ಎಷ್ಟು ತಿಂಗಳು ಆರಿಸಿ ಇಟ್ಟಿದ್ದಿರಿ? ಎಲ್ಲಿ ಇಟ್ಟಿದ್ದಿರಿ? ಕೆಟ್ಟ ಮೇಲೆ ಎಷ್ಟು ಸಲ ಚಾಲೂ ಮಾಡಿ ನೋಡಿದಿರಿ? ಕೊನೆಯ ಪ್ರಶ್ನೆಗೆ ನಿಜವಾದ ಉತ್ತರ ಸಿಗುವುದು ಅಪರೂಪ. ಹೇಳಿದ ಅಂಕಿಯನ್ನು ದುಪ್ಪಟ್ಟು ಮಾಡಿಕೊಳ್ಳಿ.

ಒಳಗಿನ ಅಂತರ ಎಷ್ಟು

3.5 ಇಂಚಿನ ಡಿಸ್ಕಿನೊಳಗೆ ಡೇಟಾ ಹೊತ್ತ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುವಾಗ ಅದರ ಹೊರ ಅಂಚು ಗಂಟೆಗೆ ಸುಮಾರು 125 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಅದರ ಮೇಲೆ ಸಾಸಿವೆ ಕಾಳಿಗಿಂತ ಚಿಕ್ಕದಾದ ಸ್ಲೈಡರ್, ಅಂದರೆ ಡೇಟಾ ಓದಿ ಬರೆಯುವ ಹೆಡ್ ಕೂರಿಸಿದ ತುಂಡು, ಗಾಳಿಯ ಪದರದ ಮೇಲೆ ತೇಲುತ್ತದೆ. 1956ರಲ್ಲಿ ಐಬಿಎಂ ತಂದ ಮೊದಲ ಡಿಸ್ಕ್ ಯಂತ್ರದಲ್ಲಿ ಈ ಅಂತರ ಸುಮಾರು 20 ಮೈಕ್ರೋಮೀಟರ್ ಇತ್ತು. ಈಗ ಸ್ಲೈಡರ್ ಹತ್ತು ನ್ಯಾನೋಮೀಟರ್ ಆಸುಪಾಸಿನಲ್ಲಿ ಹಾರುತ್ತದೆ. ಓದುವಾಗ, ಬರೆಯುವಾಗ ಹೆಡ್ಡಿನೊಳಗಿನ ಪುಟ್ಟ ಹೀಟರ್ ಅದರ ತುದಿಯನ್ನು ಉಬ್ಬಿಸಿ ಒಂದೆರಡು ನ್ಯಾನೋಮೀಟರ್‌ವರೆಗೆ ಇಳಿಸುತ್ತದೆ. ತಲೆಗೂದಲು 70 ಮೈಕ್ರೋಮೀಟರ್ ಎಂದರೆ ಅದರೊಳಗೆ ಇಂಥ ಅಂತರಗಳು ಸಾವಿರಾರು ಹಿಡಿಸುತ್ತವೆ.

ತಟ್ಟೆಯ ಕಾಂತಪದರದ ಮೇಲೆ ಎರಡು ಮೂರು ನ್ಯಾನೋಮೀಟರ್ ದಪ್ಪದ ವಜ್ರದಂಥ ಇಂಗಾಲದ ಹೊದಿಕೆ ಇರುತ್ತದೆ. ಅದರ ಮೇಲೆ ಸುಮಾರು ಒಂದು ನ್ಯಾನೋಮೀಟರ್‌ನಷ್ಟು ಫ್ಲೋರಿನ್ ಬೆರೆತ ಜಾರುಲೇಪ. ಲೇಪದ ಒಂದು ಭಾಗ ಇಂಗಾಲಕ್ಕೆ ಗಟ್ಟಿಯಾಗಿ ಅಂಟಿರುತ್ತದೆ, ಉಳಿದದ್ದು ನಿಧಾನವಾಗಿ ಹರಿದಾಡುತ್ತದೆ. ಹೆಡ್ ಒಮ್ಮೆ ಸವರಿ ಹೋದ ಜಾಗವನ್ನು ಈ ಹರಿದಾಡುವ ಭಾಗ ಮತ್ತೆ ಮುಚ್ಚುತ್ತದೆ. ಘರ್ಷಣೆಯ ಪೂರ್ತಿ ಲೆಕ್ಕಾಚಾರ ಈ ಮೂರು ನಾಲ್ಕು ನ್ಯಾನೋಮೀಟರ್‌ಗಳೊಳಗೆ ನಡೆಯುತ್ತದೆ. ಇಂಗಾಲದ ಹೊದಿಕೆ ಹರಿಯುವ ತನಕ ಡಿಸ್ಕ್ ತನ್ನನ್ನು ತಾನೇ ಸಂಭಾಳಿಸಿಕೊಳ್ಳುತ್ತದೆ. ಹರಿದ ಮೇಲೆ ಪ್ರತಿ ಸುತ್ತೂ ಪುಡಿ ಎಬ್ಬಿಸುತ್ತದೆ, ಆ ಪುಡಿ ಇನ್ನಷ್ಟು ಕೆರೆಯುತ್ತದೆ.

ಎತ್ತರದ ಜಾಗದಲ್ಲಿ ಗಾಳಿ ತೆಳುವಾಗಿ ಹೆಡ್ ಕುಸಿಯುತ್ತದೆ ಎಂಬ ಮಾತು ನಿಜ. ಆದರೆ ಸಾಮಾನ್ಯ ಡಿಸ್ಕುಗಳಿಗೆ ಮೂರು ಸಾವಿರ ಮೀಟರ್ ತನಕ ಪರವಾನಗಿ ಇದೆ. ಬೆಳಗಾವಿ ಸುಮಾರು 750 ಮೀಟರ್, ವಿಜಯಪುರ 600ರ ಹತ್ತಿರ. ನಮ್ಮ ಸೀಮೆಯಲ್ಲಿ ಎತ್ತರದ ಮೇಲೆ ತಪ್ಪು ಹೊರಿಸಬೇಡಿ.

ಮೊದಲು ಕರೆಂಟ್

ಅಂಟು, ಸವೆತ ಎಂದು ಶುರು ಮಾಡುವ ಮೊದಲು ಪವರ್ ತಪ್ಪಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಕಟಕಟ ಅನ್ನುವ ಸಿಸಿಟಿವಿ ಡಿಸ್ಕುಗಳಲ್ಲಿ ಡಿಸ್ಕಿನದೇನೂ ತಪ್ಪಿಲ್ಲದವೂ ಇರುತ್ತವೆ. 3.5 ಇಂಚಿನ ಡಿಸ್ಕ್ ತಿರುಗಲು ಶುರುವಾಗುವ ಕೆಲವು ಸೆಕೆಂಡು 12 ವೋಲ್ಟ್ ಸಾಲಿನಲ್ಲಿ ಎರಡು ಆಂಪಿಯರ್ ಹತ್ತಿರ ಎಳೆಯುತ್ತದೆ. ಡಿವಿಆರ್‌ಗೆ, ಅಂದರೆ ಸಿಸಿಟಿವಿ ದೃಶ್ಯ ದಾಖಲಿಸುವ ಪೆಟ್ಟಿಗೆಗೆ, ಕೊಟ್ಟಿರುವ ಅಡಾಪ್ಟರ್ ಒಟ್ಟು ಎರಡೇ ಆಂಪಿಯರ್‌ನದಾಗಿದ್ದು, ಎರಡು ಬೇಸಿಗೆಯಲ್ಲಿ ಅದರ ಕೆಪಾಸಿಟರ್ ಒಣಗಿದ್ದರೆ, ಡಿಸ್ಕ್ ಅರ್ಧ ವೇಗಕ್ಕೆ ಬಂದು ಸೋತು ಹೆಡ್ಡನ್ನು ಹಿಂದೆಳೆದುಕೊಳ್ಳುತ್ತದೆ, ಮತ್ತೆ ಪ್ರಯತ್ನಿಸುತ್ತದೆ. ಹೊರಗೆ ಕೇಳುವುದು ಕಟ್, ಕಟ್, ಕಟ್. ಮೀಟರನ್ನು ಕನಿಷ್ಠ ಬೆಲೆ ಹಿಡಿದಿಡುವ ಮೋಡಿನಲ್ಲಿಟ್ಟು ಚಾಲೂ ಆಗುವ ಕ್ಷಣದಲ್ಲೇ ಅಳೆಯಿರಿ. 12ರ ಸಾಲು 11.4ಕ್ಕಿಂತ, 5ರ ಸಾಲು 4.75ಕ್ಕಿಂತ ಕೆಳಗಿಳಿದರೆ ಅಡಾಪ್ಟರ್ ಬದಲಿಸಿ ಮುಂದೆ ಹೋಗಿ. ಡಿಸ್ಕ್ ಇಲ್ಲದೆ ಅಳೆದ 12.1 ವೋಲ್ಟ್ ಯಾವ ಲೆಕ್ಕಕ್ಕೂ ಇಲ್ಲ.

ಯುಎಸ್‌ಬಿ ತಂತಿಯ 2.5 ಇಂಚಿನ ಡಿಸ್ಕಿಗೂ ಇದೇ ಮಾತು. ಅದು ಏಳುವಾಗ 5 ವೋಲ್ಟಿನಲ್ಲಿ ಒಂದು ಆಂಪಿಯರ್ ತನಕ ಕೇಳುತ್ತದೆ. ಯುಎಸ್‌ಬಿ 2.0 ಕಿಂಡಿಯ ನಿಯಮ ಬರೀ 500 ಮಿಲಿಆಂಪಿಯರ್, 3.0ದು 900. ತೆಳು ತಂತಿಯ ಉದ್ದನೆಯ ಕೇಬಲ್ ಹಾಕಿದರೆ ಒಳ್ಳೆಯ ಡಿಸ್ಕೂ ಪೀಂ ಎನ್ನುತ್ತದೆ. ಗಿಡ್ಡ, ದಪ್ಪ ಕೇಬಲ್ಲಿನಿಂದ ಒಂದೇ ಸಲ ಪರೀಕ್ಷಿಸಿ.

ಸದ್ದೇ ಇಲ್ಲದಿದ್ದರೆ ಪವರ್ ಹಾಕದೆಯೇ ಸಾಟಾ ಪವರ್ ಕನೆಕ್ಟರಿನಲ್ಲಿ ಅಳೆಯಿರಿ. 7, 8, 9ನೇ ಪಿನ್ 5 ವೋಲ್ಟ್, 13, 14, 15ನೇದು 12 ವೋಲ್ಟ್, 4, 5, 6, 10 ಮತ್ತು 12 ಗ್ರೌಂಡ್. 12 ವೋಲ್ಟಿಗೂ ಗ್ರೌಂಡಿಗೂ ನಡುವೆ ಸೊನ್ನೆ ಓಮ್ ಹತ್ತಿರ ತೋರಿಸಿದರೆ ಹೆಚ್ಚಾಗಿ ಬೋರ್ಡಿನ ಟಿವಿಎಸ್ ಡಯೋಡ್, ಅಂದರೆ ಮಿತಿಮೀರಿದ ವೋಲ್ಟ್ ತಡೆಯುವ ಬಿಡಿಭಾಗ, ಸುಟ್ಟು ಶಾರ್ಟ್ ಆಗಿದೆ. ಅದರ ಕೆಲಸವೇ ಅದು, ತಾನು ಸತ್ತು ಡಿಸ್ಕ್ ಉಳಿಸಿದೆ. ತೆಗೆದುಹಾಕಿ, ಒಳ್ಳೆಯ ಪವರ್ ಸಪ್ಲೈ ಕೊಟ್ಟು ಡೇಟಾ ನಕಲು ಮಾಡಿಕೊಳ್ಳಿ. ಆ ಡಿಸ್ಕನ್ನು ಮತ್ತೆ ಬಳಕೆಗೆ ಕೊಡಬೇಡಿ. ಹೊಸ ದೊಡ್ಡ ಡಿಸ್ಕುಗಳಲ್ಲಿ ಇನ್ನೊಂದು ಮೋಸವಿದೆ. 3ನೇ ಪಿನ್ನಿಗೆ 3.3 ವೋಲ್ಟ್ ಬಂದರೆ ಕೆಲವು ಮಾದರಿಗಳು ಏಳುವುದೇ ಇಲ್ಲ. ಹೊರಪೆಟ್ಟಿಗೆಯಿಂದ ಬಿಚ್ಚಿ ತಂದ ಡಿಸ್ಕ್ ಕಂಪ್ಯೂಟರಿನಲ್ಲಿ ಸತ್ತಂತಿದ್ದರೆ ಆ ಪಿನ್ನಿಗೆ ಕ್ಯಾಪ್ಟಾನ್ ಟೇಪ್ ಅಂಟಿಸಿ ನೋಡಿ.

ಬೋರ್ಡ್ ಬಿಚ್ಚಿದಾಗ ಮೋಟರಿನ ಚುಕ್ಕೆಗಳನ್ನೂ ಅಳೆಯಿರಿ. ಮೂರು ಫೇಸ್‌ಗಳಲ್ಲಿ ಯಾವ ಎರಡರ ನಡುವೆ ಅಳೆದರೂ ಒಂದೇ ಓಮ್ ಬರಬೇಕು, ಸಾಮಾನ್ಯವಾಗಿ ಒಂದರಿಂದ ನಾಲ್ಕರೊಳಗೆ. ನಾಲ್ಕನೇ ಚುಕ್ಕೆ ಇದ್ದರೆ ಅದು ನಡುಬಿಂದು, ಅಲ್ಲಿಂದ ಅರ್ಧ ಬರುತ್ತದೆ. ಮೂರೂ ಸಮ ಇದ್ದು ತಟ್ಟೆ ತಿರುಗದಿದ್ದರೆ ಅಂಟಿನ ಅಧ್ಯಾಯಕ್ಕೆ ಬಂದಿರಿ.

ಅಂಟಿದ್ದು

ಬಲು ನುಣುಪಾದ ಎರಡು ಮೇಲ್ಮೈಗಳು ಕೂಡಿದರೆ ಬಿಡಿಸುವುದು ಕಷ್ಟ. ಗಾಜಿನ ಅಂಗಡಿಯವರು ಹಾಳೆಗಳ ನಡುವೆ ಕಾಗದ ಇಡುವುದು ಇದೇ ಕಾರಣಕ್ಕೆ. ಮಳೆಗಾಲದಲ್ಲಿ ಎರಡು ಗಾಜಿನ ನಡುವೆ ನೀರಿನ ಪಸೆ ಹೊಕ್ಕರೆ ಅವು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಡಿಸ್ಕಿನಲ್ಲೂ ಅಷ್ಟೇ. ನಿಂತ ತಟ್ಟೆಯ ಮೇಲೆ ಸ್ಲೈಡರ್ ಕೂತರೆ, ಜಾರುಲೇಪವೂ ಗಾಳಿಯ ತೇವವೂ ಸೇರಿ ಅಂಚಿನ ಸುತ್ತ ಸೂಕ್ಷ್ಮ ಬಾಗುಪಟ್ಟಿ ಕಟ್ಟಿಕೊಂಡು ಎರಡನ್ನೂ ಎಳೆದು ಹಿಡಿಯುತ್ತವೆ. ಹೊತ್ತು ಕಳೆದಷ್ಟೂ ಹಿಡಿತ ಬಿಗಿಯಾಗುತ್ತದೆ. ಮೋಟರಿಗೆ ಓಡುವಾಗ ಬಲವಿದೆ, ನಿಂತಲ್ಲಿಂದ ಕಿತ್ತು ಏಳಿಸುವ ಬಲ ಕಡಿಮೆ.

ಹಳೆಯ ಡಿಸ್ಕುಗಳಲ್ಲಿ ಆರಿಸಿದಾಗ ಹೆಡ್ ತಟ್ಟೆಯ ಒಳ ಸುತ್ತಿನಲ್ಲೇ ಇಳಿದು ಕೂರುತ್ತಿತ್ತು. ಅಂಟದಿರಲೆಂದು ತೊಂಬತ್ತರ ದಶಕದಲ್ಲಿ ಆ ಸುತ್ತಿಗೆ ಲೇಸರಿನಿಂದ ಸಾಲುಸಾಲು ಸಣ್ಣ ಉಬ್ಬು ಎಬ್ಬಿಸತೊಡಗಿದರು. ಬೀಸುಕಲ್ಲಿಗೆ ಕಚ್ಚು ಹಾಕಿಸುವುದು ಕಾಳನ್ನು ಹಿಡಿಯಲಿ ಎಂದು, ಇಲ್ಲಿ ಹಾಕುವುದು ಹಿಡಿಯದಿರಲಿ ಎಂದು. ಆಮೇಲೆ ಬಂದದ್ದು ರ‍್ಯಾಂಪ್: ತಟ್ಟೆಯ ಹೊರಗೆ ಪ್ಲಾಸ್ಟಿಕ್ ಇಳಿಜಾರು, ಆರಿಸಿದಾಗ ಹೆಡ್ ಅದರ ಮೇಲೆ ಹತ್ತಿ ನಿಲ್ಲುತ್ತದೆ. ಲ್ಯಾಪ್‌ಟಾಪಿನ ಡಿಸ್ಕುಗಳಿಗೆ ಇದು ಮೊದಲು ಬಂತು. 3.5 ಇಂಚಿನ ಕೆಲವು ಮಾದರಿಗಳು 2000ದ ದಶಕದಲ್ಲೂ ಹಳೆಯ ರೀತಿಯಲ್ಲೇ ಇದ್ದವು.

ಈ ವ್ಯತ್ಯಾಸವೇ ಮದ್ದನ್ನು ತೀರ್ಮಾನಿಸುತ್ತದೆ. ಸಕ್ಕರೆ ಕಾರ್ಖಾನೆಯ ತೂಕದ ಕಾಟಾ ಮೇಲಿನ ಹಳೆಯ ಕಂಪ್ಯೂಟರ್ ನೆನಪಿಸಿಕೊಳ್ಳಿ. ಕಬ್ಬು ನುರಿಸುವುದು ಮುಗಿದಾಗ ಆರಿಸುತ್ತಾರೆ, ಮಳೆಗಾಲವಿಡೀ ಮೂಲೆಯಲ್ಲಿರುತ್ತದೆ, ಹೊಸ ಹಂಗಾಮಿಗೆ ಚಾಲೂ ಮಾಡಿದರೆ ಗುಂಯ್ ಎಂದು ನಿಲ್ಲುತ್ತದೆ. ಸಾಟಾಕ್ಕಿಂತ ಹಿಂದಿನ ಐಡಿಇ ಕಾಲದ ಡಿಸ್ಕ್, ತಿಂಗಳುಗಟ್ಟಲೆ ವಿಶ್ರಾಂತಿ, ಬಿದ್ದಿಲ್ಲ, ಶುರುವಿನಲ್ಲಿ ಸಣ್ಣ ಗುನುಗು: ಇಷ್ಟು ಕೂಡಿದರೆ ಹೆಡ್ ಅಂಟಿದೆ ಎಂದೇ ಹಿಡಿಯಬಹುದು.

ಡೇಟಾ ಬೆಲೆಬಾಳುವಂಥದ್ದಾದರೆ ಮುಟ್ಟದೆ ಪ್ರಯೋಗಾಲಯಕ್ಕೆ ಕಳಿಸಿ. ಅಲ್ಲವೆಂದರೆ ಮಾತ್ರ ಹೀಗೆ ಮಾಡಿ. ಡಿಸ್ಕನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ 200 ಗ್ರಾಂ ಒಣ ಸಿಲಿಕಾ ಜೆಲ್ ಜೊತೆ ಮೂರು ದಿನ ಇಡಿ. ಗಾಳಿಯಾಡಲೆಂದು ಡಿಸ್ಕಿನ ಮೈಮೇಲೆ ಬಿಟ್ಟಿರುವ ಉಸಿರುರಂಧ್ರದ ಮೂಲಕ ಒಳಗಿನ ತೇವ ನಿಧಾನವಾಗಿ ಹೊರಬರುತ್ತದೆ, ಒಂದು ತಾಸಿನಲ್ಲಿ ಆಗುವ ಕೆಲಸವಲ್ಲ. ಆಮೇಲೆ ಕೇಬಲ್ ಜೋಡಿಸಿ ಡಿಸ್ಕನ್ನು ಅಡ್ಡಲಾಗಿ ಕೈಯಲ್ಲಿ ಹಿಡಿದು, ಪವರ್ ಬಂದ ಕ್ಷಣದಲ್ಲಿ ತಟ್ಟೆ ತಿರುಗುವ ಸ್ಪಿಂಡಲ್ ಅಕ್ಷದ ಸುತ್ತ ಮಣಿಕಟ್ಟನ್ನು ಒಮ್ಮೆ ಚುರುಕಾಗಿ ತಿರುವಿ. ಪೆಟ್ಟಿಗೆ ತಿರುಗುತ್ತದೆ, ತಟ್ಟೆ ಜಡತ್ವದಿಂದ ಹಿಂದುಳಿಯುತ್ತದೆ, ಅಂಟು ಬಿಡುತ್ತದೆ. ಮೇಜಿಗೆ ಕುಟ್ಟುವುದು ಇದಕ್ಕೆ ಬದಲಿ ಅಲ್ಲ. ಕುಟ್ಟಿದರೆ ಸ್ಲೈಡರ್ ತಟ್ಟೆಯನ್ನು ಲಂಬವಾಗಿ ಹೊಡೆದು ಹೊದಿಕೆ ಸೀಳುತ್ತದೆ. ಎರಡು ಸಲಕ್ಕೆ ಏಳದಿದ್ದರೆ ಬಿಟ್ಟುಬಿಡಿ. ಎದ್ದರೆ ನಕಲು ಪೂರ್ತಿ ಆಗುವ ತನಕ ಆರಿಸಬೇಡಿ, ಅಂದರೆ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ರ‍್ಯಾಂಪ್ ಇರುವ ಡಿಸ್ಕಿಗೆ ಈ ಉಪಾಯ ಪೂರ್ತಿ ನಿಷಿದ್ಧ. ಅಲ್ಲಿ ಹೆಡ್ ತಟ್ಟೆಯ ಮೇಲೆ ಸಿಕ್ಕಿದೆ ಎಂದರೆ ಅದು ಇರಬಾರದ ಜಾಗದಲ್ಲಿದೆ. ಓಡುತ್ತಿದ್ದಾಗ ಬಿದ್ದಿರಬೇಕು, ಅಥವಾ ಪವರ್ ಹೋದಾಗ ಹಿಂದೆಳೆದುಕೊಳ್ಳುವುದು ವಿಫಲವಾಗಿರಬೇಕು. ಡೇಟಾ ಇರುವ ಕನ್ನಡಿ ನುಣುಪಿನ ಜಾಗದಲ್ಲಿ ಉಬ್ಬುಗಳಿಲ್ಲ, ಹಾಗಾಗಿ ಹಿಡಿತ ಹಳೆಯದಕ್ಕಿಂತ ಜೋರು. ಬಲವಾಗಿ ತಿರುವಿದರೆ ಸ್ಲೈಡರ್ ತನ್ನ ತೋಳಿನಿಂದ ಕಿತ್ತು ತಟ್ಟೆಯ ಮೇಲೇ ಉಳಿಯುತ್ತದೆ. 2.5 ಇಂಚಿನ ಡಿಸ್ಕ್ ಪೀಂ, ಪೀಂ ಎಂದು ಬೀಪ್ ಮಾಡಿದರೆ ಅದು ಸ್ಪೀಕರಿನ ಸದ್ದಲ್ಲ, ಏಳಲಾರದ ಮೋಟರಿನ ಸುರುಳಿಗಳ ನರಳಾಟ. ಒಳ್ಳೆಯ ಕೇಬಲ್ ಹಾಕಿದ ಮೇಲೂ ಬೀಪ್ ಬಂದರೆ ಅಲ್ಲಿಗೆ ನಿಲ್ಲಿಸಿ. ಶುದ್ಧಗಾಳಿ ಮೇಜಿನ ಮೇಲೆ ಮುಚ್ಚಳ ತೆಗೆದು, ಹೆಡ್ ಬಾಚಣಿಗೆಯಿಂದ ಎತ್ತಿ ರ‍್ಯಾಂಪಿಗೆ ಏರಿಸಬೇಕು. ಅದು ಪ್ರಯೋಗಾಲಯದವರ ಕೆಲಸ. ಫ್ಯಾನ್ ಕೆಳಗೆ ಮುಚ್ಚಳ ಬಿಚ್ಚಿದ ಅಂಗಡಿಯಲ್ಲಿ ಅರ್ಧ ಮೈಕ್ರೋಮೀಟರಿನ ಒಂದು ಧೂಳಿನ ಕಣವೂ ಹೆಡ್ಡಿನ ಪಾಲಿಗೆ ದಾರಿಗೆ ಅಡ್ಡ ಬಿದ್ದ ಬಂಡೆ.

ಬೇರಿಂಗ್ ಹಿಡಿದಿರುವುದು ಇದರ ದಾಯಾದಿ. ಇಂದಿನ ಸ್ಪಿಂಡಲುಗಳಲ್ಲಿ ಗುಂಡುಗಳಿಲ್ಲ, ಕೆಲವೇ ಮೈಕ್ರೋಮೀಟರ್ ಸಂದಿಯಲ್ಲಿ ಎಣ್ಣೆ ತೇಲಿಸುತ್ತದೆ. ಜೋರು ಪೆಟ್ಟಿಗೆ ಆ ಸಂದಿಯ ಲೋಹ ಉಜ್ಜಿ ಕಚ್ಚಿಕೊಳ್ಳುತ್ತದೆ. ಬಿದ್ದ ಇತಿಹಾಸವಿದ್ದು, ಮೋಟರ್ ಸುರುಳಿ ಸರಿಯಿದ್ದು, ತಟ್ಟೆ ಕದಲದಿದ್ದರೆ ಹೆಡ್ಡೋ ಬೇರಿಂಗೋ ಎಂದು ಹೊರಗಿನಿಂದ ಖಚಿತವಾಗಿ ಹೇಳಲಾಗದು. ಎರಡಕ್ಕೂ ಉತ್ತರ ಒಂದೇ: ಪವರ್ ಹಾಕಬೇಡಿ. 2.5 ಇಂಚಿನದನ್ನು ಮೆಲ್ಲನೆ ಓರೆ ಮಾಡಿದಾಗ ಒಳಗೆ ಮರಳಿನಂಥ ಸದ್ದು ಬಂದರೆ ಗಾಜಿನ ತಟ್ಟೆ ಚೂರಾಗಿದೆ. ಅದಕ್ಕೆ ಮದ್ದಿಲ್ಲ, ಗಿರಾಕಿಯ ಹಣ ಉಳಿಸಿ.

ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ ಎಂಬ ಹಳೆಯ ಮಾತನ್ನು ಯಾರಾದರೂ ಹೇಳಿದರೆ, ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿಯ ಮೈ ತೋರಿಸಿ. ಅದೇ ಹನಿಗಳು ಉಸಿರುರಂಧ್ರದ ಆಚೆ, ತಟ್ಟೆಯ ಮೇಲೂ ಮೂಡುತ್ತವೆ.

ಸವೆದದ್ದು

ತಟ್ಟೆ ತಿರುಗುತ್ತದೆ, ಆದರೆ ಕಿರ್ ಎಂಬ ಕೆರೆತ ಕೇಳುತ್ತದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಡಿಸ್ಕಿನ ಅಂಚಿಗೆ, ಹಿಡಿಕೆಯನ್ನು ಕಿವಿಗೆ ಒತ್ತಿದರೆ ಸ್ಪಷ್ಟವಾಗುತ್ತದೆ. ಒಂದು ಸೆಕೆಂಡ್ ಸಾಕು, ಕೂಡಲೇ ಪವರ್ ಕೀಳಿ. ಇಂಗಾಲದ ಹೊದಿಕೆ ಹೋಗಿ ಕೋಬಾಲ್ಟ್ ಮಿಶ್ರಲೋಹದ ಕಾಂತಪದರ ಪುಡಿಯಾಗುತ್ತಿದೆ. ಪ್ರತಿ ನಿಮಿಷ ಸಾವಿರಾರು ಸುತ್ತು ಎಂದರೆ ಹತ್ತು ನಿಮಿಷದ "ನೋಡೋಣ ತಡಿ" ಒಂದು ಇಡೀ ಉಂಗುರವನ್ನು ಗಾಜು ಅಥವಾ ಅಲ್ಯೂಮಿನಿಯಂ ತನಕ ಇಳಿಸಬಲ್ಲದು. ಆಮೇಲೆ ಯಾವ ಪ್ರಯೋಗಾಲಯವೂ ಅಲ್ಲಿಂದ ಏನೂ ತರಲಾಗದು.

ನಿಯಮಿತ ಕಟ್, ಕಟ್ ಸದ್ದಿದ್ದು ಪವರ್ ಸರಿ ಇದ್ದರೆ, ಹೆಡ್ ತನ್ನ ದಾರಿಗುರುತು ಓದಲಾಗದೆ ಕೊನೆಯ ತಡೆಗೆ ಹೋಗಿ ಬಡಿಯುತ್ತಿದೆ. ಹೆಡ್ ಸತ್ತಿರಬಹುದು, ಕೊಳೆಯಾಗಿರಬಹುದು. ಆದರೆ ಒಂದು ಸರಳ ಸಾಧ್ಯತೆ ಮೊದಲು ನೋಡಿ. ಬೋರ್ಡಿನ ಹಿಂಬದಿಯಲ್ಲಿ ಹೆಡ್ಡಿನ ತಂತಿ ಮುಟ್ಟುವ ಚುಕ್ಕೆಗಳು ಕಪ್ಪಾಗಿವೆಯೇ? ಕಾರ್ಖಾನೆಯ ಪಕ್ಕದ ಕಚೇರಿಗಳಲ್ಲಿ ಇದನ್ನು ಮರೆಯಲೇಬೇಡಿ. ಸಕ್ಕರೆ ಬಿಳಿ ಮಾಡಲು ಗಂಧಕ ಸುಟ್ಟ ಹೊಗೆ ಬಳಸುತ್ತಾರೆ, ತ್ಯಾಜ್ಯ ನೀರಿನ ಹೊಂಡಗಳಿಂದಲೂ ಗಂಧಕದ ಅನಿಲ ಏಳುತ್ತದೆ. ಬೆಳ್ಳಿ, ತಾಮ್ರದ ಚುಕ್ಕೆಗಳನ್ನು ಅದು ಕರಿಯಾಗಿಸುತ್ತದೆ. ಬಿಳಿ ಪೆನ್ಸಿಲ್ ರಬ್ಬರಿನಿಂದ ಹಗುರಾಗಿ ಉಜ್ಜಿ, ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಪೂರ್ತಿ ಆರಿದ ಮೇಲೆ ಜೋಡಿಸಿ. ಬೇರೆ ಡಿಸ್ಕಿನ ಬೋರ್ಡ್ ತಂದು ಹಾಕುವ ಆಸೆ ಬೇಡ. ಆ ಡಿಸ್ಕಿನ ಹೆಡ್ಡುಗಳ ಅಳತೆ ಬರೆದ ರೋಮ್ (ROM) ಚಿಪ್ ಹಳೆಯ ಬೋರ್ಡಿನಲ್ಲೇ ಇರುತ್ತದೆ, ಅದನ್ನು ವರ್ಗಾಯಿಸದೆ ಹೊಸ ಬೋರ್ಡ್ ಕೆಲಸ ಮಾಡದು.

ಡಿಸ್ಕ್ ಓದಿಸಿಕೊಳ್ಳುತ್ತದೆ, ಆದರೆ ನಿಧಾನ ಎಂದಾದರೆ ಸ್ಮಾರ್ಟ್ ಪಟ್ಟಿ, ಅಂದರೆ ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಡುವ ಪಟ್ಟಿ, ತೆರೆಯಿರಿ. ವಿಂಡೋಸಿನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಕು. ಅದರಲ್ಲಿ 5, 187, 197, 198ನೇ ಸಾಲಿನ ಲೆಕ್ಕ ಏರಿದ್ದರೆ ತಪ್ಪು ಮೇಲ್ಮೈಯದು ಅಥವಾ ಹೆಡ್ಡಿನದು. 10 ಏರಿದ್ದರೆ ತಟ್ಟೆ ಏಳಲು ಒದ್ದಾಡುತ್ತಿದೆ: ಬೇರಿಂಗ್, ಅಂಟು, ಇಲ್ಲವೇ ಪವರ್. 199 ಮಾತ್ರ ಏರಿದ್ದರೆ ಸಾಟಾ ಕೇಬಲ್ ಬದಲಿಸಿ, ಡಿಸ್ಕಿಗೆ ಏನೂ ಆಗಿಲ್ಲ. 192 ಎಂದರೆ ಕರೆಂಟ್ ಹಠಾತ್ ಹೋಗಿ ಹೆಡ್ ತುರ್ತಾಗಿ ಓಡಿದ ಲೆಕ್ಕ, ಯುಪಿಎಸ್ ಇಲ್ಲದ ಅಂಗಡಿಗಳಲ್ಲಿ ಇದು ಸಾವಿರ ದಾಟಿರುತ್ತದೆ. 193 ರ‍್ಯಾಂಪ್ ಹತ್ತಿಳಿದ ಲೆಕ್ಕ, ಮಾದರಿಗೆ ತಕ್ಕಂತೆ 3 ಲಕ್ಷದಿಂದ 6 ಲಕ್ಷದ ತನಕ ತಯಾರಕರ ಭರವಸೆ. 189 ಬೆಳೆಯುತ್ತಿದ್ದರೆ ಹೆಡ್ ಇರಬೇಕಾದ್ದಕ್ಕಿಂತ ಮೇಲೆ ಹಾರಿ ಬರೆದಿದೆ, ಅದರ ಕೆಳಗೆ ಲೇಪದ ಹನಿಯೋ ಕೊಳೆಯೋ ಅಂಟಿರುವ ಸೂಚನೆ. 22 ಹೀಲಿಯಂ ತುಂಬಿದ ಡಿಸ್ಕುಗಳದ್ದು, 100ರಿಂದ ಇಳಿದರೆ ಅನಿಲ ಸೋರುತ್ತಿದೆ. ಸೀಗೇಟ್ ಡಿಸ್ಕಿನ 1ನೇ ಸಾಲಿನ ಕೋಟಿಗಟ್ಟಲೆ ಅಂಕಿ ನೋಡಿ ಹೆದರಬೇಡಿ. ಅದರಲ್ಲಿ ಒಟ್ಟು ಓದಿದ ಲೆಕ್ಕವೂ ಬೆರೆತಿದೆ.

ಒಂದು ಹೆಡ್ ಕೆಟ್ಟಿದೆಯೋ ತಟ್ಟೆ ಗೀರಿದೆಯೋ ತಿಳಿಯಲು ಕೆಟ್ಟ ವಿಳಾಸಗಳ ಹಂಚಿಕೆ ನೋಡಿ. ಇಡೀ ಡಿಸ್ಕಿನುದ್ದಕ್ಕೂ ಪಟ್ಟಾಪಟ್ಟಿ ಬಟ್ಟೆಯಂತೆ ಒಂದೇ ಅಂತರದಲ್ಲಿ ಕೆಟ್ಟ ಪಟ್ಟಿಗಳು ಬಂದರೆ ಒಂದು ಹೆಡ್ ಸೋತಿದೆ. ಒಂದೇ ಕಡೆ ಗುಂಪಾಗಿದ್ದು ಉಳಿದೆಡೆ ಸ್ವಚ್ಛವಿದ್ದರೆ ಆ ಸುತ್ತಿನಲ್ಲಿ ಗೀರು ಇದೆ. ಗೀರಿನ ಮೇಲೆ ಹೆಡ್ಡನ್ನು ಮತ್ತೆ ಮತ್ತೆ ಓಡಿಸಿದರೆ ಉಳಿದ ಒಳ್ಳೆಯ ಜಾಗವೂ ಹೋಗುತ್ತದೆ. ವಿಂಡೋಸಿನ ಚೆಕ್‌ಡಿಸ್ಕ್ ಓಡಿಸಬಾರದು ಎನ್ನುವುದು ಇದಕ್ಕೇ. ಅದು ಕೆಟ್ಟ ಜಾಗವನ್ನೇ ಹಟ ಹಿಡಿದು ಓದುತ್ತದೆ, ಜೊತೆಗೆ ಡಿಸ್ಕಿಗೆ ಬರೆಯುತ್ತದೆ. ನಕಲಿಗೆ ಲಿನಕ್ಸಿನ ಡಿಡಿರೆಸ್ಕ್ಯೂ ಬಳಸಿ, ಎಲ್ಲಿ ತನಕ ಓದಿದೆ ಎಂದು ಬರೆದಿಡುವ ಮ್ಯಾಪ್ ಫೈಲ್ ಕಡ್ಡಾಯ. ಮೊದಲ ಸುತ್ತಿನಲ್ಲಿ ಕೆಟ್ಟ ಜಾಗವನ್ನು ಚೂರುಚೂರಾಗಿ ಓದುವ 'ಸ್ಕ್ರೇಪ್' ಹಂತ ಬಿಟ್ಟು ಒಳ್ಳೆಯದನ್ನೆಲ್ಲ ಎತ್ತಿಕೊಳ್ಳಿ, ಎರಡನೇ ಸುತ್ತು ಡಿಸ್ಕಿನ ಕೊನೆಯಿಂದ ಶುರುವಿನ ಕಡೆಗೆ, ಮರುಪ್ರಯತ್ನ ಕೊನೆಗೆ ಒಂದೇ ಸಲ. ನಡುವೆ ಕೆರೆತದ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ. ಡಿಸ್ಕಿನ ಮೇಲೆ ಚಿಕ್ಕ ಫ್ಯಾನ್ ಇಟ್ಟು 45 ಡಿಗ್ರಿಯೊಳಗೆ ಇರಿಸಿ.

ಜಾಗದ ತಂಟೆಗಳು

ವಿಜಯಪುರದ ಏಪ್ರಿಲ್, ಮೇ ಬಿಸಿಲಿಗೆ 40 ಡಿಗ್ರಿ ದಾಟುವುದು ಹೊಸದಲ್ಲ. ತಗಡಿನ ಮಾಡಿನ ಕೆಳಗೆ, ಬಾಗಿಲು ಹಾಕಿದ ಪೆಟ್ಟಿಗೆಯಲ್ಲಿರುವ ಡಿವಿಆರ್ ಡಿಸ್ಕ್ 60ರ ಮಿತಿಯನ್ನು ಸುಲಭವಾಗಿ ಮುಟ್ಟುತ್ತದೆ. 194ನೇ ಸಾಲು ನೋಡಿ. ಬಿಸಿಯಲ್ಲಿ ಜಾರುಲೇಪ ತೆಳುವಾಗಿ ಹರಿದು ಹೆಡ್ಡಿಗೆ ಮೆತ್ತಿಕೊಳ್ಳುವುದು ಹೆಚ್ಚು. ಬೆಳಗಾವಿ, ಖಾನಾಪುರದ ತಂಟೆ ಇದರ ತಿರುವುಮುರುವು. ಏಸಿ ಕೋಣೆಯಿಂದ ತೆಗೆದ ತಣ್ಣನೆಯ ಡಿಸ್ಕನ್ನು ಜುಲೈ ಗಾಳಿಗೆ ತಂದರೆ ಮೈ ಬೆವರುತ್ತದೆ. ಜಿಪ್ ಚೀಲದಲ್ಲಿ ಮುಚ್ಚಿಟ್ಟು, ಹೊರಗಿನ ಬಿಸಿಗೆ ಹೊಂದಲು ಎರಡು ಮೂರು ತಾಸು ಬಿಟ್ಟು ಆಮೇಲೆ ಪವರ್ ಕೊಡಿ.

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಬೀಡು ಕಬ್ಬಿಣದ ಪುಡಿ, ಇಳಕಲ್ಲು ಬನಹಟ್ಟಿಯ ಮಗ್ಗದ ಮನೆಗಳಲ್ಲಿ ಹತ್ತಿಯ ಎಳೆ. ಎರಡೂ ಫಿಲ್ಟರ್ ದಾಟಿ ಒಳಗೆ ಹೋಗುವುದಿಲ್ಲ, ಆದರೆ ಬೋರ್ಡಿನ ಮೇಲೆ ಕೂತು ಬಿಸಿಯನ್ನು ಹಿಡಿದಿಡುತ್ತವೆ, ಉಸಿರುರಂಧ್ರ ಮುಚ್ಚುತ್ತವೆ. ರಂಧ್ರದ ಮೇಲೆ ಬಿಲ್ ಚೀಟಿ, ವಾರಂಟಿ ಸ್ಟಿಕರ್ ಅಂಟಿಸುವವರೂ ಇದ್ದಾರೆ, ಕಿತ್ತುಹಾಕಿ. ಮಗ್ಗದ ಅದುರುವಿಕೆ ಇರುವ ಗೋಡೆಗೆ ಡಿವಿಆರ್ ಮೊಳೆ ಹೊಡೆದಿದ್ದರೆ ಹೆಡ್ ದಾರಿ ತಪ್ಪಿ ಬರಹ ನಿಧಾನವಾಗುತ್ತದೆ. ಅದು ಸವೆತವಲ್ಲ, ಜಾಗ ಬದಲಿಸಿದರೆ ಹೋಗುತ್ತದೆ. ಡಿವಿಆರ್ ಪೆಟ್ಟಿಗೆಯ ಸಂದಿ ಮುಚ್ಚಲು ಸಿಲಿಕೋನ್ ಸೀಲಂಟ್ ಬಳಸಬೇಡಿ. ಅದರ ಆವಿ ಒಳಹೊಕ್ಕು ಹೆಡ್ಡಿನ ಮೇಲೆ ಮರಳಿನ ಜಾತಿಯ ಗಟ್ಟಿ ಪೊರೆ ಕಟ್ಟುತ್ತದೆ.

2019ರ ಆಗಸ್ಟಿನಂಥ ನೆರೆಯಲ್ಲಿ ಮುಳುಗಿದ ಡಿಸ್ಕನ್ನು ಒಣಗಿಸಬೇಡಿ. ಕೃಷ್ಣೆ, ಘಟಪ್ರಭೆಯ ಕೆಸರು ಒಣಗಿದರೆ ತಟ್ಟೆಗೆ ಸಿಮೆಂಟಿನಂತೆ ಕೂರುತ್ತದೆ. ಒದ್ದೆ ಬಟ್ಟೆ ಸುತ್ತಿ, ಬಿಗಿ ಚೀಲದಲ್ಲಿ ಹಾಕಿ, ಹಾಗೆಯೇ ಪ್ರಯೋಗಾಲಯಕ್ಕೆ ಕಳಿಸಿ.

ಉಳಿದ ಡಿಸ್ಕುಗಳನ್ನು ಕಳಿಸುವಾಗ ಆಂಟಿಸ್ಟಾಟಿಕ್ ಚೀಲ, ಒಂದು ಸಿಲಿಕಾ ಪೊಟ್ಟಣ, ಎಲ್ಲ ಬದಿಗೂ ಐದು ಸೆಂಟಿಮೀಟರ್ ಫೋಮ್ ಇರಲಿ. ಜೊತೆಗೊಂದು ಚೀಟಿಯಲ್ಲಿ ಕೇಳಿದ ಸದ್ದು, ಅಳೆದ ವೋಲ್ಟ್, ಮೋಟರಿನ ಮೂರು ಓಮ್, ಬಿದ್ದದ್ದು ಇದ್ದರೆ ಅದು, ಮತ್ತು ಅಂಗಡಿಯಲ್ಲಿ ಎಷ್ಟು ಸಲ ಪವರ್ ಹಾಕಿದಿರಿ ಎಂಬುದನ್ನು ಬರೆದಿಡಿ. ಆ ಕೊನೆಯ ಅಂಕಿಯನ್ನು ಅವರೂ ದುಪ್ಪಟ್ಟು ಮಾಡಿಕೊಳ್ಳುತ್ತಾರೆ.